ಒಂದೇ ತಳಿ ನಂಬಿದ ಹಾಸನ: ಆಲೂಗಡ್ಡೆ, ಅಂಗಮಾರಿ ಮತ್ತು ಎಥನಾಲ್

ಆಲೂಗಡ್ಡೆಯಿಂದ ಎಥನಾಲ್, ಅಂದರೆ ಪೆಟ್ರೋಲಿಗೆ ಬೆರೆಸುವ ಆಲ್ಕೋಹಾಲ್, ತೆಗೆಯಬಹುದಾ ಎಂಬ ಮಾತು ಈಗ ಆಗಾಗ ಕೇಳುತ್ತದೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತಿಯಲ್ಲಿ ಹಾಳಾದ ಕಾಳು, ಮರಗೆಣಸಿನ ಜೊತೆಗೆ ಕೊಳೆತ ಆಲೂಗಡ್ಡೆಯ ಹೆಸರೂ ಇದೆ. ಇತ್ತ ಹಾಸನ ಜಿಲ್ಲೆಯಲ್ಲಿ ಆಲೂಗಡ್ಡೆ ಬೆಳೆಯುವ ಜಾಗ ಮೊದಲಿನಷ್ಟು ಉಳಿದಿಲ್ಲ. ನೋಡಲು ಇವು ಎರಡು ಬೇರೆ ಸುದ್ದಿಗಳು. ಆದರೆ ಕೆದಕುತ್ತಾ ಹೋದರೆ ಎರಡೂ ಬಂದು ನಿಲ್ಲುವುದು ತಳಿಯ ಪ್ರಶ್ನೆಗೇ.

ಆಲೂಗಡ್ಡೆಯ ತವರು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲು. ಅಲ್ಲಿ ಇವತ್ತಿಗೂ 4,000ಕ್ಕೂ ಹೆಚ್ಚು ನಾಟಿ ತಳಿಗಳಿವೆ. ಕೆಂಪು, ನೇರಳೆ, ಕಪ್ಪು, ಕಹಿ, ಹಿಮದಲ್ಲಿ ಒಣಗಿಸಿ ವರ್ಷಗಟ್ಟಲೆ ಇಡುವಂಥವು, ಎಲ್ಲವೂ ಇವೆ. 16ನೇ ಶತಮಾನದಲ್ಲಿ ಯುರೋಪಿಗೆ ಹಡಗು ಹತ್ತಿದ್ದು ಅದರಲ್ಲಿ ಹಿಡಿಯಷ್ಟು ಮಾತ್ರ. ಐರ್ಲೆಂಡಿನ ಬಡವರು ಹೆಚ್ಚಾಗಿ ಲಂಪರ್ ಎಂಬ ಒಂದೇ ತಳಿಯನ್ನು ನಂಬಿದ್ದರು. 1845ರಲ್ಲಿ ಎಲೆ, ಗಡ್ಡೆ ಎರಡನ್ನೂ ಕೊಳೆಸುವ ಅಂಗಮಾರಿ ರೋಗ ಬಂತು. ಮುಂದಿನ ವರ್ಷಗಳಲ್ಲಿ ಸುಮಾರು 10 ಲಕ್ಷ ಜನ ಹಸಿವು, ಕಾಯಿಲೆಗೆ ಬಲಿಯಾದರು. ಆಲೂಗಡ್ಡೆಯನ್ನು ಗಡ್ಡೆಯಿಂದಲೇ ಬೆಳೆಸುವುದರಿಂದ ಒಂದು ತಳಿಯ ಎಲ್ಲ ಗಿಡಗಳೂ ಒಂದೇ ಗಿಡದ ನಕಲು. ಒಂದಕ್ಕೆ ತಡೆಯಲಾಗದ ರೋಗ ಎಲ್ಲಕ್ಕೂ ತಡೆಯಲಾಗದು.

ಭಾರತಕ್ಕೆ ಆಲೂಗಡ್ಡೆ ಬಂದದ್ದು ಪೋರ್ಚುಗೀಸರ ಕಾಲದಲ್ಲಿ. 1949ರಲ್ಲಿ ಕೇಂದ್ರೀಯ ಆಲೂಗಡ್ಡೆ ಸಂಶೋಧನಾ ಸಂಸ್ಥೆ ಶುರುವಾಯಿತು, ಮುಂದೆ ಶಿಮ್ಲಾಕ್ಕೆ ಹೋಯಿತು. ಅಲ್ಲಿಗೆ ಹತ್ತಿರದ ಕುಫ್ರಿಯ ಹೆಸರು ಹೊತ್ತ ತಳಿಗಳು ಒಂದೊಂದಾಗಿ ಹೊರಬಂದವು. 1968ರಲ್ಲಿ ಬಂದ ಕುಫ್ರಿ ಜ್ಯೋತಿ ನಮ್ಮ ಕಥೆಗೆ ಮುಖ್ಯ.

ಹಾಸನದ ರೈತರಿಗೆ ಜ್ಯೋತಿ ಒಗ್ಗಿತು. ಉತ್ತರದಲ್ಲಿ ಆಲೂಗಡ್ಡೆ ಚಳಿಗಾಲದ ನೀರಾವರಿ ಬೆಳೆ. ಹಾಸನದಲ್ಲಿ ಹಾಗಲ್ಲ, ಮುಂಗಾರಿನ ಮಳೆ ನಂಬಿ ಮೇ, ಜೂನ್‌ನಲ್ಲಿ ಬಿತ್ತುತ್ತಾರೆ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಕೀಳುತ್ತಾರೆ. ಆಗ ಉತ್ತರದಿಂದ ಬರುವುದು ಶೀತಲಗೃಹದ ಹಳೆ ಗಡ್ಡೆ. ಹೊಸ ಗಡ್ಡೆಗೆ ಒಳ್ಳೆಯ ಬೆಲೆ. ಇದೇ ಹಾಸನದ ಬಲವಾಗಿತ್ತು.

ಬಿತ್ತನೆ ಗಡ್ಡೆ ಮಾತ್ರ ಇಲ್ಲಿಯದಲ್ಲ. ಅದು ಪಂಜಾಬಿನ ಜಲಂಧರ್ ಕಡೆಯಿಂದ ಲಾರಿಯಲ್ಲಿ ಬರುತ್ತದೆ. ಅಲ್ಲಿನ ಚಳಿಯಲ್ಲಿ ವೈರಸ್ ಹರಡುವ ಸಸ್ಯಹೇನುಗಳ ಕಾಟ ಕಡಿಮೆ, ಹಾಗಾಗಿ ಬೀಜ ಅಲ್ಲಿ ತಯಾರಾಗುವುದು ಸರಿಯೇ. ಆದರೆ ಹಾಸನದ ಎಪಿಎಂಸಿ ಯಾರ್ಡಿನಲ್ಲಿ ಇಳಿದ ಮೂಟೆಯಲ್ಲಿ ಏನಿದೆ, ಎಷ್ಟು ತಲೆಮಾರು ಹಳೆಯದು ಎಂದು ರೈತನಿಗೆ ಕಣ್ಣಲ್ಲಿ ನೋಡಿ ಗೊತ್ತಾಗುವುದಿಲ್ಲ. ಖರ್ಚಿನಲ್ಲಿ ದೊಡ್ಡ ಪಾಲು ಈ ಬೀಜಕ್ಕೇ ಹೋಗುತ್ತದೆ. ಸಿಕ್ಕಿದ್ದನ್ನು ಕೊಂಡು, ಗಡ್ಡೆಯಲ್ಲಿ ಮೊಳಕೆ ಬರುವ ಕಣ್ಣು ನೋಡಿ ಕತ್ತರಿಸಿ ಬಿತ್ತಬೇಕು. ಬೇರೆ ದಾರಿ ಎಲ್ಲಿತ್ತು?

ಜ್ಯೋತಿ ಬಂದಾಗ ಅಂಗಮಾರಿಯನ್ನು ತಡೆದುಕೊಳ್ಳುತ್ತಿತ್ತು. ವರ್ಷ ಕಳೆದಂತೆ ರೋಗಾಣು ಬದಲಾಯಿತು, ತಳಿ ಬದಲಾಗಲಿಲ್ಲ. ಮೋಡ, ಜಿಟಿಜಿಟಿ ಮಳೆ, ತಂಪು ಹವೆ ಸೇರಿದರೆ ಅಂಗಮಾರಿಗೆ ಹಬ್ಬ. ಹಾಸನದ ಜುಲೈ ಅಂದರೆ ಇದೇ ಅಲ್ವಾ? ವಾರದೊಳಗೆ ಹಸಿರು ಹೊಲ ಸುಟ್ಟಂತೆ ಕಪ್ಪಾಗುತ್ತದೆ. 2009-10ರ ನಂತರ ದಕ್ಷಿಣ ಭಾರತದಲ್ಲಿ ಟೊಮೆಟೊ, ಆಲೂಗಡ್ಡೆ ಎರಡನ್ನೂ ಬಡಿದ ಅಂಗಮಾರಿಯನ್ನು ಬೆಂಗಳೂರಿನ ವಿಜ್ಞಾನಿಗಳು ಪರೀಕ್ಷಿಸಿದರು. ಯುರೋಪಿನಲ್ಲಿ ಹಾವಳಿ ಮಾಡಿದ್ದ '13ಎ2' ಎಂಬ ರೋಗಾಣು ವಂಶವೇ ಇಲ್ಲೂ ಸಿಕ್ಕಿತು. ಎಲ್ಲೆಡೆ ಬಳಸುವ ಒಂದು ಮುಖ್ಯ ಔಷಧಿಗೂ ಅದು ಜಗ್ಗುತ್ತಿರಲಿಲ್ಲ.

ರೈತರು ಒಂದೊಂದಾಗಿ ಹಿಂದೆ ಸರಿದರು. ಆಲೂಗಡ್ಡೆ ಬಿಟ್ಟ ಹೊಲಕ್ಕೆ ಜಾಸ್ತಿ ಬಂದದ್ದು ಮುಸುಕಿನ ಜೋಳ, ಕೆಲವೆಡೆ ಶುಂಠಿ. ಇಂಧನದ ಕಥೆ ಒಳಗೆ ಬರುವುದು ಇಲ್ಲೇ. ಮುಸುಕಿನ ಜೋಳ ಮೊದಲು ಕೋಳಿ ಆಹಾರಕ್ಕೆ ಹೋಗುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಕಬ್ಬಿನ ರಸದ ಎಥನಾಲ್‌ಗೆ ಕಡಿವಾಣ ಬಿದ್ದ ಮೇಲೆ ಡಿಸ್ಟಿಲರಿಗಳೂ ಅದಕ್ಕೆ ಕೈ ಹಾಕಿದವು. ಊಟದ ಗಡ್ಡೆ ಬೆಳೆಯುತ್ತಿದ್ದ ನೆಲ ಇಂಧನದ ಕಾಳು ಬೆಳೆಯುವ ನೆಲವೂ ಆಯಿತು. ಯಾರೂ ಕೂತು ಹೀಗೆ ಆಗಲಿ ಎಂದು ತೀರ್ಮಾನಿಸಿದ್ದಲ್ಲ.

ಹಾಗಾದರೆ ಆಲೂಗಡ್ಡೆಯನ್ನೇ ಇಂಧನಕ್ಕೆ ಬೆಳೆದರೆ? ಹೊಸ ಯೋಚನೆಯೇನಲ್ಲ. 20ನೇ ಶತಮಾನದ ಆರಂಭದಲ್ಲಿ ಜರ್ಮನಿಯಲ್ಲಿ ಆಲೂಗಡ್ಡೆಯ ಆಲ್ಕೋಹಾಲ್‌ನಿಂದ ದೀಪ ಉರಿಯುತ್ತಿದ್ದವು, ಮೋಟಾರು ಓಡುತ್ತಿದ್ದವು. ಇವತ್ತಿಗೂ ಯುರೋಪಿನಲ್ಲಿ ಊಟದ ತಳಿ ಬೇರೆ, ಪಿಷ್ಟದ ತಳಿ ಬೇರೆ. ನಮ್ಮಲ್ಲೂ 1998ರಲ್ಲಿ ಚಿಪ್ಸ್‌ಗೆಂದೇ ಚಿಪ್ಸೋನಾ ತಳಿಗಳು ಬಂದವು, ಸಕ್ಕರೆ ಕಡಿಮೆ, ಒಣ ಅಂಶ ಜಾಸ್ತಿ. ಬಳಕೆಗೆ ತಕ್ಕ ತಳಿ ಮಾಡಲು ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಆದರೆ ಊಟದ ಆಲೂಗಡ್ಡೆಯಲ್ಲಿ ನೂರಕ್ಕೆ ಸುಮಾರು 80 ಭಾಗ ನೀರೇ. ಒಂದು ಟನ್ನಿಗೆ 100 ಲೀಟರಿನ ಆಸುಪಾಸು ಎಥನಾಲ್ ಸಿಗುತ್ತದೆ, ಮುಸುಕಿನ ಜೋಳದಲ್ಲಿ ಸುಮಾರು 380. ನೀರು ಹೊತ್ತು ಸಾಗಿಸುವ ಖರ್ಚು ಬೇರೆ. ಶೀತಲಗೃಹದಲ್ಲಿ ಕೊಳೆತದ್ದು, ಕಾರ್ಖಾನೆಯಲ್ಲಿ ಸುಲಿದ ಸಿಪ್ಪೆ, ಬೆಲೆ ಬಿದ್ದಾಗ ರಸ್ತೆಗೆ ಸುರಿಯುವ ಗಡ್ಡೆ, ಇವುಗಳಿಂದ ಇಂಧನ ತೆಗೆದರೆ ಒಳ್ಳೆಯದೇ. ತಿನ್ನುವ ಗಡ್ಡೆಗೇ ಇಷ್ಟು ಪಾಡು ಪಡುತ್ತಿರುವಾಗ ಹೊಲವನ್ನೇ ಅದಕ್ಕೆ ಬಿಡುವುದು ಸರಿ ಕಾಣುವುದಿಲ್ಲ.

ಹಾಸನದಲ್ಲಿ ಈಗ ಇನ್ನೊಂದು ಕೆಲಸ ನಡೆದಿದೆ. ಬಾಗಲಕೋಟೆ ತೋಟಗಾರಿಕೆ ವಿಶ್ವವಿದ್ಯಾಲಯ ಮತ್ತು ಪೆರು ದೇಶದ ಲಿಮಾದಲ್ಲಿರುವ ಅಂತರರಾಷ್ಟ್ರೀಯ ಆಲೂಗಡ್ಡೆ ಕೇಂದ್ರ ಸೇರಿ ಸಸಿಯಿಂದ ಬೀಜ ಮಾಡುವ ವಿಧಾನ ತಂದಿವೆ. ಲ್ಯಾಬಿನಲ್ಲಿ ಬೆಳೆಸಿದ ರೋಗವಿಲ್ಲದ ತಾಯಿ ಗಿಡದ ಕುಡಿ ಕತ್ತರಿಸಿ, ಬೇರು ಬರಿಸಿ, ಟೊಮೆಟೊ ಸಸಿಯಂತೆ ಟ್ರೇಯಲ್ಲಿ ರೈತರಿಗೆ ಕೊಡುತ್ತಾರೆ. ಅದರಲ್ಲಿ ಬಂದ ಗಡ್ಡೆಯೇ ಮುಂದಿನ ಬೀಜ. ಅಂಗಮಾರಿಯನ್ನು ಜ್ಯೋತಿಗಿಂತ ಚೆನ್ನಾಗಿ ತಡೆಯುವ ಕುಫ್ರಿ ಹಿಮಾಲಿನಿಯಂಥ ತಳಿಯನ್ನೂ ಹೀಗೆ ಇಲ್ಲಿಯೇ ಹೆಚ್ಚಿಸಿಕೊಳ್ಳಬಹುದು.

ತೊಡಕುಗಳೂ ಇವೆ. ಮಾವು ಕೊಳ್ಳುವಾಗ ಬಾದಾಮಿಯಾ, ರಸಪುರಿಯಾ ಎಂದು ಕೇಳುವ ನಾವು ಆಲೂಗಡ್ಡೆಯ ತಳಿ ಕೇಳುವುದೇ ಇಲ್ಲ. ಹೀಗಿದ್ದಾಗ ವ್ಯಾಪಾರಿ ಪರಿಚಯದ ಜ್ಯೋತಿಗೇ ಬೆಲೆ ಕಟ್ಟುತ್ತಾನೆ. ಸಸಿ ನೆಡಲು ಕೂಲಿ ಜಾಸ್ತಿ, ಮೊದಲ ದಿನಗಳಲ್ಲಿ ನೀರು ಬೇಕೇ ಬೇಕು. ಸೆಪ್ಟೆಂಬರ್‌ನಲ್ಲಿ ಕಿತ್ತ ಬೀಜದ ಗಡ್ಡೆಯನ್ನು ಮುಂದಿನ ಮೇ ತನಕ ಕೆಡದಂತೆ ಇಡಬೇಕು. ಅದಕ್ಕೆ ಸಣ್ಣ ರೈತನ ಕೈಗೆಟಕುವ ಬಾಡಿಗೆಯಲ್ಲಿ ಹತ್ತಿರದಲ್ಲೇ ಶೀತಲಗೃಹ ಬೇಕು.