ಸಿಂಗಾಪುರದಲ್ಲಿ ಅಪ್ಪ-ಅವ್ವನ ಜೊತೆ ಎಲ್ಲಿ ಉಳಿಯಬೇಕು?

ಪ್ರಶ್ನೆ: ಅಪ್ಪ-ಅವ್ವನ್ನ ಕರಕೊಂಡು ನಾಕು ದಿನ ಸಿಂಗಾಪುರಕ್ಕ ಹೊಂಟೀವಿ. ಹೈದರಾಬಾದಿನಿಂದ ರಾತ್ರಿ ವಿಮಾನ. ಹೋಟೆಲ್ ಹಿಡಿಬೇಕೋ, ಮನಿ ಬಾಡಿಗಿಗೆ ತಗೋಬೇಕೋ? ಯಾವ ಏರಿಯಾ ಚಲೋ?
— ಓದುಗರು, ಕಲಬುರಗಿ

ಉತ್ತರ: ಮನೆಯ ವಿಚಾರ ಕೈಬಿಡಿ. ಅಲ್ಲಿ ಖಾಸಗಿ ಮನೆಯನ್ನು ಮೂರು ತಿಂಗಳಿಗಿಂತ ಕಡಿಮೆ ಅವಧಿಗೆ ಬಾಡಿಗೆ ಕೊಡುವಂತಿಲ್ಲ; ಸರ್ಕಾರಿ ಫ್ಲ್ಯಾಟಿಗೆ ಆರು ತಿಂಗಳು. ನಾಲ್ಕು ರಾತ್ರಿಗೆ ಅಗ್ಗದ ಫ್ಲ್ಯಾಟ್ ಕಂಡರೂ ಮುಂಗಡ ಕಟ್ಟಬೇಡಿ. ಪರವಾನಗಿ ಇರುವ ಹೋಟೆಲೇ ಸರಿ.

ಮೊದಲು ಮೆಟ್ರೊ ನಿಲ್ದಾಣ ಆರಿಸಿ, ಆಮೇಲೆ ಹೋಟೆಲ್. ಹಿರಿಯರಿದ್ದರೆ ನಾವು ಹೇಳುವುದು ಲಿಟ್ಲ್ ಇಂಡಿಯಾ ಅಥವಾ ಫ್ಯಾರರ್ ಪಾರ್ಕ್. ಸೆರಂಗೂನ್ ರಸ್ತೆಯಲ್ಲಿ ಇಡ್ಲಿ, ಅನ್ನ-ಸಾರು ಸಿಗುತ್ತದೆ, ವೀರಮಾಕಾಳಿಯಮ್ಮನ ಗುಡಿಯೂ ಅಲ್ಲೇ. ಚಾಂಗಿ ವಿಮಾನ ನಿಲ್ದಾಣದಿಂದ ಮೆಟ್ರೊ ಹತ್ತಿ ಎಕ್ಸ್‌ಪೋದಲ್ಲಿ ಡೌನ್‌ಟೌನ್ ಲೈನಿಗೆ ಬದಲಾಯಿಸಿದರೆ ಸೀದಾ ಲಿಟ್ಲ್ ಇಂಡಿಯಾ. ನಿಲ್ದಾಣದಿಂದ ಹೋಟೆಲ್ ಬಾಗಿಲಿನವರೆಗಿನ ನಡಿಗೆಯನ್ನು ನಕ್ಷೆಯಲ್ಲಿ ಅಳೆದು ನೋಡಿ. 400 ಮೀಟರ್ ದಾಟಿದರೆ ಮೊಣಕಾಲು ನೋವಿನವರಿಗೆ ತ್ರಾಸು. ನಮ್ಮ ಒಣ ಬಿಸಿಲು ಉಂಡವರಿಗೂ ಅಲ್ಲಿನ ಬೆವರಿನ ಸೆಖೆ ಹೊಸದು.

ದರದ ಪಕ್ಕ ‘++’ ಇದೆಯೇ ನೋಡಿ. ಹಾಗೆಂದರೆ 10% ಸೇವಾ ಶುಲ್ಕ, ಅದೂ ಸೇರಿದ ಮೊತ್ತದ ಮೇಲೆ 9% ಜಿಎಸ್‌ಟಿ. 150 ಸಿಂಗಾಪುರ ಡಾಲರಿನ ಕೋಣೆಗೆ ಕೊನೆಗೆ ಕಟ್ಟುವುದು 179.85 ಡಾಲರ್. ಹಳೆಯ ಅಂಗಡಿ-ಮನೆಗಳನ್ನೇ ಹೋಟೆಲ್ ಮಾಡಿರುವ ಕಡೆ ಲಿಫ್ಟ್ ಇಲ್ಲದ ಮಹಡಿ, ಕಿಟಕಿಯೇ ಇಲ್ಲದ ಕೋಣೆ ಇರುತ್ತವೆ. ಫೋಟೋದಲ್ಲಿ ಪರದೆ ಕಂಡರೆ ಅದರ ಹಿಂದೆ ಕಿಟಕಿ ಇದೆ ಎಂದು ನಂಬಬೇಡಿ. ವಿವರದಲ್ಲಿ ‘ನೋ ವಿಂಡೋ’ ಎಂದು ಬರೆದಿದೆಯೇ ಹುಡುಕಿ.

ಹೆಚ್ಚಿನವರು ಎಡವುವುದು ಮೊದಲ ಬೆಳಗ್ಗೆ. ಹಾರಾಟ ಸುಮಾರು ನಾಲ್ಕೂವರೆ ತಾಸು, ಅಲ್ಲಿನ ಗಡಿಯಾರ ಎರಡೂವರೆ ತಾಸು ಮುಂದೆ. ರಾತ್ರಿ 11ಕ್ಕೆ ಹೊರಟರೆ ಇಳಿಯುವಾಗ ಅಲ್ಲಿ ಬೆಳಗಿನ 6. ಕೋಣೆ ಕೊಡುವುದು ಸಾಮಾನ್ಯವಾಗಿ ಮಧ್ಯಾಹ್ನ 2 ಅಥವಾ 3ಕ್ಕೆ. ಅಲ್ಲಿಯವರೆಗೆ ಬ್ಯಾಗ್ ಇಟ್ಟುಕೊಳ್ಳುತ್ತಾರೆ, ಹಾಸಿಗೆ ಸಿಗುವುದಿಲ್ಲ. ನಿದ್ದೆಗೆಟ್ಟ ಹಿರಿಯರಿಗಾಗಿ ಹಿಂದಿನ ರಾತ್ರಿಯಿಂದಲೇ ಬುಕ್ ಮಾಡಿ. ಒಂದು ರಾತ್ರಿಯ ದುಡ್ಡು ಹೆಚ್ಚಾದರೂ ಅದು ದಂಡವಲ್ಲ. ಹಾಗೆ ಮಾಡಿದಾಗ ‘ಮರುದಿನ ಬೆಳಗ್ಗೆ ಬರುತ್ತೇವೆ’ ಎಂದು ಹೋಟೆಲಿಗೆ ಬರೆದು ಉತ್ತರ ತರಿಸಿಕೊಳ್ಳಿ. ಇಲ್ಲದಿದ್ದರೆ ಗಿರಾಕಿ ಬರಲಿಲ್ಲ ಎಂದು ಇಡೀ ಬುಕಿಂಗ್ ರದ್ದಾಗಬಹುದು.

ಹೋಟೆಲ್ ಕೇಳುವ ಠೇವಣಿಗೆ ಕ್ರೆಡಿಟ್ ಕಾರ್ಡ್ ಕೊಡಿ. ಡೆಬಿಟ್ ಕಾರ್ಡಿನಿಂದ ಹಿಡಿದ ಹಣ ಮರಳಲು ದಿನಗಟ್ಟಲೆ ಕಾಯಬೇಕಾಗುತ್ತದೆ. ಬ್ಯಾಂಕ್ ಆ್ಯಪಿನಲ್ಲಿ ವಿದೇಶಿ ವಹಿವಾಟನ್ನು ಊರಲ್ಲಿದ್ದಾಗಲೇ ಆನ್ ಮಾಡಿ. ಹೋಟೆಲ್ ವಿಳಾಸ ಫೋನಿನಲ್ಲಿ ಉಳಿಸಿಕೊಳ್ಳಿ. ಸಿಂಗಾಪುರ ಪ್ರವೇಶಕ್ಕೆ, ಅಲ್ಲಿ ಇಳಿಯುವ ದಿನವೂ ಸೇರಿ ಮುಂಚಿನ ಮೂರು ದಿನದೊಳಗೆ, ಆನ್ಲೈನಿನಲ್ಲಿ ತುಂಬುವ ಎಸ್‌ಜಿ ಅರೈವಲ್ ಕಾರ್ಡಿಗೆ ಅದು ಬೇಕು. ಆ ಕಾರ್ಡ್ ಉಚಿತ, ದುಡ್ಡು ಕೇಳುವ ಜಾಲತಾಣದಲ್ಲಿ ತುಂಬಬೇಡಿ.