ದೇವರ ಚಿತ್ತ ತಿಳಿಯುವವರೆಗೆ ಕಾಯುತ್ತಲೇ ಇರಬೇಕೇ?

ಪ್ರಶ್ನೆ: ನನಗೆ 26 ವರ್ಷ. ಸುಂಟಿಕೊಪ್ಪದ ಹತ್ತಿರ ನಮಗೆ ಮೂರು ಎಕರೆ ಕಾಫಿ ತೋಟವಿದೆ. ತಂದೆಗೆ ಮಂಡಿನೋವು, ತೋಟ ನೋಡಿಕೋ ಎನ್ನುತ್ತಾರೆ. ಬೆಂಗಳೂರಿನಲ್ಲಿ ಒಂದು ಕೆಲಸ ಸಿಕ್ಕಿದೆ, ಎರಡು ವಾರದೊಳಗೆ ಉತ್ತರ ಕೊಡಬೇಕು. ವರ್ಷದಿಂದ ಪ್ರಾರ್ಥಿಸುತ್ತಿದ್ದರೂ ಏನೂ ಸ್ಪಷ್ಟವಾಗಿಲ್ಲ. ನನ್ನ ಬದುಕಿನ ಬಗ್ಗೆ ದೇವರ ಉದ್ದೇಶವೇನೆಂದು ತಿಳಿಯುವುದು ಹೇಗೆ?

ಉತ್ತರ: ನಿಮ್ಮ ಮನೆಯ ಗೋಡೆಯ ಮೇಲೂ ಬೈಬಲಿನ ಯೆರೆಮೀಯ 29:11 ಇರಬಹುದು. ನಿಮ್ಮ ವಿಷಯದಲ್ಲಿ ನನಗಿರುವ ಆಲೋಚನೆಗಳು ಹಿತದವೇ ಹೊರತು ಕೇಡಿನವಲ್ಲ ಎಂದು ದೇವರು ಹೇಳುವ ವಚನ ಅದು. ನಾನೂ ಅದನ್ನು ನೆಚ್ಚಿಕೊಂಡಿದ್ದೇನೆ. ಆದರೆ ಅದು ಒಂದು ಪತ್ರದ ನಡುವಿನ ಸಾಲು. ಪ್ರವಾದಿ ಯೆರೆಮೀಯನ ಆ ಪತ್ರ ಹೋದದ್ದು ಯೆರೂಸಲೇಮಿನಿಂದ ಬಾಬೆಲಿಗೆ (ಬ್ಯಾಬಿಲೋನಿಗೆ) ಸೆರೆಯಾಗಿ ಒಯ್ಯಲ್ಪಟ್ಟ ಜನರಿಗೆ. ಎರಡೇ ವರ್ಷಗಳಲ್ಲಿ ಎಲ್ಲವೂ ಸರಿಹೋಗುತ್ತದೆಂದು ಹನನ್ಯನೆಂಬ ಪ್ರವಾದಿ ಸಾರಿದ್ದ. ಯೆರೆಮೀಯ ಬರೆದದ್ದು 70 ವರ್ಷವೆಂದು. ಪತ್ರವನ್ನು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಊರಿಗೆ ಮರಳುವ ಆ ದಿನವನ್ನು ಕಾಣುವ ಹಾಗಿರಲಿಲ್ಲ. ಅಂಥವರಿಗೆ ದೇವರು ಮೊದಲು ಹೇಳಿದ್ದೇನು? ಐದನೆಯ ವಚನದಿಂದ ಓದಿ. ಮನೆ ಕಟ್ಟಿಕೊಳ್ಳಿ, ತೋಟ ಮಾಡಿ ಅದರ ಫಲ ಉಣ್ಣಿರಿ, ಮದುವೆಯಾಗಿ ಮಕ್ಕಳನ್ನು ಪಡೆಯಿರಿ, ಇರುವ ಪಟ್ಟಣದ ಕ್ಷೇಮಕ್ಕಾಗಿ ಪ್ರಾರ್ಥಿಸಿರಿ.

ನಮ್ಮ ಕೊಡಗಿನವರಿಗೆ ಇದು ದೂರದ ಕಥೆಯೂ ಅಲ್ಲ. ಟಿಪ್ಪುವಿನ ಕಾಲದಲ್ಲಿ ಶ್ರೀರಂಗಪಟ್ಟಣದ ಸೆರೆಯಿಂದ ತಪ್ಪಿಸಿಕೊಂಡು ಬಂದ ಕಥೋಲಿಕ ಕುಟುಂಬಗಳಿಗೆ ಕೊಡಗಿನ ಅರಸ ದೊಡ್ಡ ವೀರರಾಜೇಂದ್ರ ವಿರಾಜಪೇಟೆಯಲ್ಲಿ ನೆಲೆ ಕೊಟ್ಟ. ಅಲ್ಲಿನ ಸಂತ ಅನ್ನಮ್ಮನವರ ದೇವಾಲಯದ ಆರಂಭ 1792ರಲ್ಲಿ. ಊರು ಕಳೆದುಕೊಂಡ ಆ ಜನ ಸಿಕ್ಕ ನೆಲದಲ್ಲಿ ಬೇರೂರಿ ಆರಾಧನೆ ಮಾಡಿದರು. ದೇವರ ಉದ್ದೇಶ ಅವರ ಬದುಕಿನಲ್ಲಿ ನೆರವೇರಲಿಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ನೀವು ಹುಡುಕುತ್ತಿರುವ ದೇವರ ಚಿತ್ತದ ಬಹುಪಾಲು ಬರೆದೇ ಇದೆ. ನ್ಯಾಯವಾಗಿ ನಡೆ, ಕರುಣೆಯನ್ನು ಪ್ರೀತಿಸು, ದೇವರ ಮುಂದೆ ತಗ್ಗಿ ನಡೆ ಎನ್ನುತ್ತಾನೆ ಪ್ರವಾದಿ ಮೀಕ. ಪವಿತ್ರರಾಗಿರುವುದು, ಎಲ್ಲ ಸ್ಥಿತಿಯಲ್ಲೂ ಕೃತಜ್ಞರಾಗಿರುವುದು ದೇವರ ಚಿತ್ತವೆಂದು ಪೌಲನು ಥೆಸಲೋನಿಕದವರಿಗೆ ನೇರವಾಗಿಯೇ ಬರೆದಿದ್ದಾನೆ. ಇದಿಷ್ಟೂ ತೋಟದಲ್ಲಿಯೂ ಸಾಧ್ಯ, ಬೆಂಗಳೂರಿನಲ್ಲಿಯೂ ಸಾಧ್ಯ. ಎರಡರಲ್ಲಿ ಒಂದೇ ಸರಿಯಾದ ದಾರಿ, ತಪ್ಪಿದರೆ ಬದುಕೇ ಹಾಳು ಎಂಬ ಭಯ ನಿಮ್ಮನ್ನು ಕಾಡುತ್ತಿದ್ದರೆ, ದಯವಿಟ್ಟು ಅದನ್ನು ಬಿಡಿ. ತಂದೆಯಾದ ದೇವರು ಮಕ್ಕಳಿಗೆ ಒಗಟು ಹಾಕಿ, ಬಿಡಿಸದಿದ್ದರೆ ಶಿಕ್ಷಿಸುವವನಲ್ಲ.

ಹಾಗಾದರೆ ದೇವರು ನಿರ್ದಿಷ್ಟವಾಗಿ ನಡೆಸುವುದೇ ಇಲ್ಲವೇ? ನಡೆಸುತ್ತಾನೆ. ಅಪೊಸ್ತಲರ ಕೃತ್ಯಗಳು 16ನೆಯ ಅಧ್ಯಾಯದಲ್ಲಿ ಆಸ್ಯ ಸೀಮೆಯ ದಾರಿ ಪೌಲನಿಗೆ ಮುಚ್ಚಿತು, ಬಿಥೂನ್ಯದ ದಾರಿಯೂ ಮುಚ್ಚಿತು. ಮಕೆದೋನ್ಯಕ್ಕೆ ಬಾ ಎಂಬ ದರ್ಶನ ತ್ರೋವ ಪಟ್ಟಣದಲ್ಲಿ ಆಯಿತು. ಗಮನಿಸಿ, ಪೌಲನು ಕುಳಿತು ಕಾಯುತ್ತಿರಲಿಲ್ಲ, ನಡೆಯುತ್ತಿದ್ದ. ನಡೆಯುತ್ತಿದ್ದವನನ್ನು ದೇವರು ತಿರುಗಿಸಿದ.

ಒಂದು ಎಚ್ಚರಿಕೆ ಮಾತ್ರ ಗಟ್ಟಿಯಾಗಿ ಹೇಳಬೇಕು. ಕಣ್ಣು ಮುಚ್ಚಿ ಬೈಬಲ್ ತೆರೆದು ಬೆರಳಿಟ್ಟ ವಚನವನ್ನು ಉತ್ತರವೆಂದು ಹಿಡಿಯಬೇಡಿ. ಮದುವೆ, ಹಣ, ಕೆಲಸದ ವಿಷಯದಲ್ಲಿ ‘ನೀನು ಹೀಗೆ ಮಾಡಬೇಕೆಂದು ದೇವರು ನನಗೆ ತಿಳಿಸಿದರು’ ಎನ್ನುವವರ ಮಾತನ್ನು, ಅವರು ಎಷ್ಟೇ ದೊಡ್ಡ ಬೋಧಕರಾಗಿದ್ದರೂ, ಪರೀಕ್ಷಿಸದೆ ಒಪ್ಪಬೇಡಿ. ಎಲ್ಲವನ್ನೂ ಪರೀಕ್ಷಿಸಿರಿ ಎಂಬುದೂ ವೇದವಾಕ್ಯವೇ. ನಿಮ್ಮನ್ನು ಚಿಕ್ಕಂದಿನಿಂದ ಬಲ್ಲ, ನಿಮ್ಮ ನಿರ್ಧಾರದಿಂದ ತಮಗೇನೂ ಲಾಭವಿಲ್ಲದ ಸಭೆಯ ಇಬ್ಬರು ಹಿರಿಯರನ್ನು ಕೇಳಿ. ನಿಮ್ಮ ಕೈಯಿಂದ ಯಾವ ಕೆಲಸ ಚೆನ್ನಾಗಿ ಆಗುತ್ತದೆ, ಯಾರಿಗೆ ಉಪಯೋಗವಾಗಿದೆ ಎಂಬುದು ಹಲವು ಸಲ ನಮಗಿಂತ ಮೊದಲು ಅವರಿಗೆ ಕಾಣುತ್ತದೆ.

ಇನ್ನು ನಿಮ್ಮ ತಂದೆಯವರ ವಿಷಯ. ದೇವರಿಗೆ ಮುಡಿಪು ಎಂಬ ನೆವ ಹೇಳಿ ತಂದೆತಾಯಿಗಳನ್ನು ಕೈಬಿಟ್ಟವರನ್ನು ಯೇಸು ಖಂಡಿಸಿದ್ದನ್ನು ಮಾರ್ಕನ 7ನೆಯ ಅಧ್ಯಾಯದಲ್ಲಿ ಓದಬಹುದು. ಆದ್ದರಿಂದ ಅವರನ್ನು ನೋಡಿಕೊಳ್ಳಬೇಕೇ ಎಂದು ಪ್ರಾರ್ಥಿಸಿ ಕೇಳುವ ಅಗತ್ಯವಿಲ್ಲ. ಹೇಗೆ ಎಂಬುದಷ್ಟೇ ಉಳಿದಿರುವುದು. ಹಾಗೆಂದು ನೋಡಿಕೊಳ್ಳುವುದೆಂದರೆ ತೋಟದಲ್ಲೇ ಉಳಿಯುವುದೆಂದು ನಾನು ಹೇಳುತ್ತಿಲ್ಲ. ಸಂಬಳದಿಂದ ಆಳಿನ ಕೂಲಿ ಕೊಡಲಾಗುತ್ತದೆಯೇ? ಡಿಸೆಂಬರ್‌ನಿಂದ ಕೊಯ್ಲಿನ ತಿಂಗಳುಗಳಲ್ಲಿ ರಜೆ ಸಿಗುತ್ತದೆಯೇ? ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್‌ನಲ್ಲಿ ನೀರು ಹಾಯಿಸುವವರು ಯಾರು? ಇವು ಲೌಕಿಕ ಪ್ರಶ್ನೆಗಳು, ಪ್ರಾರ್ಥನೆಯ ನಡುವೆ ತರಬಾರದು ಎಂದುಕೊಳ್ಳಬೇಡಿ. ಬರೆದಿಟ್ಟುಕೊಂಡು, ಒಂದೊಂದನ್ನೂ ದೇವರ ಮುಂದೆ ಹೆಸರಿಟ್ಟು ಹೇಳಿ.

ವರ್ಷದಿಂದ ಪ್ರಾರ್ಥಿಸಿದ್ದೇನೆ ಎಂದಿದ್ದೀರಿ. ತಂದೆಯವರ ಜೊತೆ ಕುಳಿತು ಪ್ರಾರ್ಥಿಸಿದ್ದಾಗಿ ಬರೆದಿಲ್ಲ. ಈ ಭಾನುವಾರ ಆರಾಧನೆ ಮುಗಿಸಿ ಬಂದ ಮೇಲೆ ಅವರ ಪಕ್ಕದಲ್ಲಿ ಕುಳಿತು, ತೋಟದ ಬಗ್ಗೆ ಅವರಿಗಿರುವ ಭಯವೇನೆಂದು ಮೊದಲು ಕೇಳಿ. ಉತ್ತರ ಕೊಡಲು ಇನ್ನೂ ಎರಡು ವಾರವಿದೆಯಲ್ಲ.