ಕೋವಿಡ್ ಮರೆಯಲ್ಲಿ ಬೆಳೆದ ಕ್ಷಯ

2019ರಲ್ಲಿ ಭಾರತದಲ್ಲಿ ಸುಮಾರು 24 ಲಕ್ಷ ಜನರಿಗೆ ಕ್ಷಯ ಇರುವುದು ಪತ್ತೆಯಾಗಿ ಸರ್ಕಾರದ ಲೆಕ್ಕಕ್ಕೆ ಬಂದಿತ್ತು. 2020ರಲ್ಲಿ ಆ ಸಂಖ್ಯೆ 18 ಲಕ್ಷಕ್ಕೆ ಇಳಿಯಿತು. ರೋಗವೇ ಇಳಿದಿದ್ದರೆ ಇದಕ್ಕಿಂತ ಸಂತೋಷದ ಸುದ್ದಿ ಬೇರೆ ಇರಲಿಲ್ಲ. ಆದರೆ ಇಳಿದದ್ದು ಪತ್ತೆ ಮಾತ್ರ. ಉಳಿದ ಆರು ಲಕ್ಷ ಮಂದಿಯಲ್ಲಿ ಬಹುಪಾಲು ಜನ ಮನೆಯಲ್ಲೇ ಕೆಮ್ಮುತ್ತಾ, ತೂಕ ಕಳೆದುಕೊಳ್ಳುತ್ತಾ, ತಿಳಿಯದೆಯೇ ಮನೆಮಂದಿಗೆ ರೋಗ ಹಂಚುತ್ತಾ ಇದ್ದರು. ಇಡೀ ಜಗತ್ತಿನ ಕತೆಯೂ ಇದೇ. ಹೊಸದಾಗಿ ಪತ್ತೆಯಾದವರ ಸಂಖ್ಯೆ 71 ಲಕ್ಷದಿಂದ 58 ಲಕ್ಷಕ್ಕೆ ಕುಸಿಯಿತು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಇಳಿಯುತ್ತಲೇ ಬಂದಿದ್ದ ಕ್ಷಯದ ಸಾವುಗಳು ಮತ್ತೆ ಏರಿದವು.

2015ರಲ್ಲಿ ವಿಶ್ವಸಂಸ್ಥೆಯ 193 ದೇಶಗಳು 2030ರೊಳಗೆ ಮುಟ್ಟಬೇಕೆಂದು 17 ಸುಸ್ಥಿರ ಅಭಿವೃದ್ಧಿ ಗುರಿಗಳನ್ನು ಒಪ್ಪಿಕೊಂಡವು. ಅವುಗಳ ಅಡಿಯಲ್ಲಿ 169 ಉಪಗುರಿಗಳಿವೆ. 2024ರ ವಿಶ್ವಸಂಸ್ಥೆ ವರದಿಯ ಪ್ರಕಾರ, ಅಳೆಯಲು ಸಾಧ್ಯವಾದ ಉಪಗುರಿಗಳಲ್ಲಿ ಸರಿದಾರಿಯಲ್ಲಿರುವುದು ಶೇ. 17 ಮಾತ್ರ. ಮೂರನೇ ಒಂದಕ್ಕಿಂತ ಹೆಚ್ಚು ಉಪಗುರಿಗಳು ನಿಂತಲ್ಲೇ ನಿಂತಿವೆ, ಇಲ್ಲವೇ ಹಿಂದಕ್ಕೆ ಸರಿದಿವೆ. ಕ್ಷಯವನ್ನು ಕೊನೆಗಾಣಿಸುವುದು ಮೂರನೆಯ ಗುರಿಯಾದ ಆರೋಗ್ಯದ ಒಂದು ಭಾಗ. ಇದೊಂದನ್ನೇ ಹತ್ತಿರದಿಂದ ನೋಡಿದರೂ ಸಾಕು, ಒಂದು ಸಾಂಕ್ರಾಮಿಕ ಇಂಥ ಗುರಿಗಳನ್ನು ಹೇಗೆ ಹಳಿ ತಪ್ಪಿಸುತ್ತದೆ, ಮರಳಿ ಹಳಿಗೆ ತರಲು ಏನು ಬೇಕು ಎಂಬುದು ಸ್ಪಷ್ಟವಾಗುತ್ತದೆ.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಂತು. ಬಸ್ಸಿಲ್ಲ, ಹೊರರೋಗಿ ವಿಭಾಗ ಅರ್ಧಂಬರ್ಧ. ಕೆಮ್ಮಿದರೆ ಎಲ್ಲಿ ಕ್ವಾರಂಟೈನ್‌ಗೆ ಹಾಕುತ್ತಾರೋ ಎಂಬ ಭಯ. ಕಫ ಪರೀಕ್ಷೆ ಮಾಡುತ್ತಿದ್ದ ಸಿಬ್ಬಂದಿ ಕೋವಿಡ್ ಕೆಲಸಕ್ಕೆ ಹೋದರು, ಅವರ ಹಿಂದೆಯೇ ಯಂತ್ರಗಳೂ ಹೋದವು. ಟ್ರೂನ್ಯಾಟ್ ಎಂಬ ಪುಟ್ಟ ಯಂತ್ರವಿದೆ. ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯ ಅಭಿವೃದ್ಧಿಪಡಿಸಿದ ಇದನ್ನು ಗೋವಾದ ಮೋಲ್‌ಬಯೋ ಕಂಪನಿ ತಯಾರಿಸುತ್ತದೆ. ಬ್ಯಾಟರಿಯಲ್ಲೂ ನಡೆಯುವುದರಿಂದ ಹಳ್ಳಿಯ ಆರೋಗ್ಯ ಕೇಂದ್ರದಲ್ಲಿಟ್ಟು ಕ್ಷಯದ ರೋಗಾಣುವಿನ ಡಿಎನ್‌ಎ ಹುಡುಕಬಹುದು, ಮುಖ್ಯ ಔಷಧಿಯೊಂದಕ್ಕೆ ಅದು ಬಗ್ಗುತ್ತದೋ ಇಲ್ಲವೋ ಎಂದೂ ನೋಡಬಹುದು. 2020ರ ಏಪ್ರಿಲ್‌ನಲ್ಲಿ ಇದನ್ನೇ ಕೋವಿಡ್ ಪರೀಕ್ಷೆಗೂ ಬಳಸಲು ಒಪ್ಪಿಗೆ ಸಿಕ್ಕಿತು. ಆ ಹೊತ್ತಿಗೆ ಅದು ಬೇಕೇ ಬೇಕಿತ್ತು, ಆ ತೀರ್ಮಾನವನ್ನು ನಾನು ತಪ್ಪೆನ್ನುವುದಿಲ್ಲ. ಆದರೆ ಕ್ಷಯದ ಕಫ ಹೊತ್ತು ಬಂದವರಿಗೆ ಬದಲಿ ವ್ಯವಸ್ಥೆ ಎಷ್ಟೋ ಕಡೆ ಇರಲೇ ಇಲ್ಲ.

ಬಾಗಿಲವರೆಗೆ ಬಂದ ರೋಗಿ ಬರಿಗೈಯಲ್ಲಿ ಮರಳುವುದು ನಮಗೆ ಹೊಸದಲ್ಲ. 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆ ಶುರುವಾಯಿತು. ಅಲ್ಲಿನ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಕ್ಷಯ ರೋಗಿಗಳನ್ನು ಮಾತನಾಡಿಸಿದರು. ಹಳ್ಳಿ ಜನರಿಗೆ ರೋಗದ ಅರಿವಿಲ್ಲ, ತಾವಾಗಿ ಆಸ್ಪತ್ರೆಗೆ ಬರುವುದಿಲ್ಲ ಎಂಬ ನಂಬಿಕೆ ಆಗ ಬಲವಾಗಿತ್ತು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಅದನ್ನು ಸುಳ್ಳು ಮಾಡಿತು. ರೋಗಿಗಳಲ್ಲಿ ಅರ್ಧಕ್ಕೂ ಹೆಚ್ಚು ಜನ ಆಗಲೇ ಸರ್ಕಾರಿ ಆಸ್ಪತ್ರೆಗೆ ಹೋಗಿ ಬಂದಿದ್ದರು. ಅಲ್ಲಿ ಅವರ ಕೈಗೆ ಕೆಮ್ಮಿನ ಔಷಧಿಯ ಬಾಟಲಿ ಕೊಟ್ಟು ಕಳಿಸಲಾಗಿತ್ತು. ಕ್ಷಯದ ಪರೀಕ್ಷೆ ಜನ ಬರುವ ಸಾಮಾನ್ಯ ಆಸ್ಪತ್ರೆಯಲ್ಲೇ ಸಿಗಬೇಕು ಎಂಬ ತತ್ವಕ್ಕೆ ಇಂಥ ಕೆಲಸವೇ ಬುನಾದಿ.

ಈ ರೋಗದಲ್ಲಿ ತಡವಾದರೆ ಬೆಲೆ ಹೆಚ್ಚು. ಕರುಳಿನ ಸಾಮಾನ್ಯ ಬ್ಯಾಕ್ಟೀರಿಯಾ ಇಪ್ಪತ್ತು ನಿಮಿಷಕ್ಕೊಮ್ಮೆ ಇಮ್ಮಡಿಯಾದರೆ, ಕ್ಷಯದ ಬ್ಯಾಕ್ಟೀರಿಯಾಕ್ಕೆ ಇಪ್ಪತ್ತು ಗಂಟೆಯ ಆಸುಪಾಸು ಬೇಕು. ಜಗತ್ತಿನ ಸುಮಾರು ನಾಲ್ಕನೇ ಒಂದರಷ್ಟು ಜನರಿಗೆ ಇದರ ಸೋಂಕು ತಗಲಿದೆ. ಅವರಲ್ಲಿ ಹೆಚ್ಚಿನವರಿಗೆ ಏನೂ ಆಗುವುದಿಲ್ಲ, ಜೀವಮಾನದಲ್ಲಿ ನೂರಕ್ಕೆ ಐದರಿಂದ ಹತ್ತು ಮಂದಿ ಕಾಯಿಲೆ ಬೀಳುತ್ತಾರೆ. ಸೋಂಕಿಗೂ ಕಾಯಿಲೆಗೂ ನಡುವೆ ತಿಂಗಳುಗಳು, ವರ್ಷಗಳು ಕಳೆಯಬಹುದು. ಹಾಗಾಗಿ 2020ರಲ್ಲಿ ತಪ್ಪಿಹೋದ ಪರೀಕ್ಷೆಯ ಫಲ ಆ ವರ್ಷದಲ್ಲೇ ಮುಗಿಯಲಿಲ್ಲ. 2023ರಲ್ಲಿ ಜಗತ್ತಿನಾದ್ಯಂತ 82 ಲಕ್ಷ ಜನರಲ್ಲಿ ಹೊಸದಾಗಿ ಕ್ಷಯ ಪತ್ತೆಯಾಯಿತು. 1995ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಲೆಕ್ಕವಿಡಲು ಆರಂಭಿಸಿದ ಮೇಲೆ ಇಷ್ಟು ದೊಡ್ಡ ಸಂಖ್ಯೆ ಬಂದಿರಲಿಲ್ಲ. ಭಾರತದಲ್ಲಿ ಆ ವರ್ಷ 25 ಲಕ್ಷ ದಾಟಿತು.

ಪತ್ತೆಯ ವೇಗವೇನೋ ಮರಳಿ ಬಂತು. ಆದರೆ ಕೋವಿಡ್‌ಗೆ ಮೊದಲಿನ ಸ್ಥಿತಿಗೆ ಮರಳಿದರೆ ಗುರಿ ಮುಟ್ಟುತ್ತೇವೆಯೇ? ಇಲ್ಲ. 2015ಕ್ಕೆ ಹೋಲಿಸಿದರೆ 2030ರೊಳಗೆ ಹೊಸ ರೋಗಿಗಳ ಪ್ರಮಾಣ ಶೇ. 80ರಷ್ಟು ತಗ್ಗಬೇಕು. ಭಾರತವಂತೂ ಅದನ್ನು ಐದು ವರ್ಷ ಮೊದಲೇ, 2025ಕ್ಕೇ ಸಾಧಿಸುವುದಾಗಿ ಹೇಳಿತ್ತು. 2015ರಲ್ಲಿ ನಮ್ಮಲ್ಲಿ ಲಕ್ಷ ಜನರಿಗೆ 237 ಇದ್ದದ್ದು 2024ರಲ್ಲಿ 187ಕ್ಕೆ ಬಂದಿದೆ, ಅಂದರೆ ಶೇ. 21ರ ಇಳಿಕೆ. ಜಗತ್ತಿನ ಸರಾಸರಿಗಿಂತ ಇದು ಎಷ್ಟೋ ಮೇಲು, ಗುರಿಗೆ ಮಾತ್ರ ಬಹಳ ದೂರ.

ಇಲ್ಲಿ ನನಗೆ ಅತ್ಯಂತ ಮುಖ್ಯವೆನಿಸುವ ಸಂಶೋಧನೆ ಜಾರ್ಖಂಡ್‌ನಲ್ಲಿ ನಡೆದದ್ದು. ನೇತೃತ್ವ ವಹಿಸಿದವರು ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತು ಡಾ. ಮಾಧವಿ ಭಾರ್ಗವ. 2019ರ ಆಗಸ್ಟ್‌ನಲ್ಲಿ ಶುರುವಾದ ಕೆಲಸ ಕೋವಿಡ್ ಅಲೆಗಳ ನಡುವೆಯೂ ಮುಂದುವರಿಯಿತು. ನಾಲ್ಕು ಜಿಲ್ಲೆಗಳ 2,800 ರೋಗಿಗಳಿಗೂ ಮಾತ್ರೆಯ ಜತೆ ಪ್ರತಿ ತಿಂಗಳು ಅಕ್ಕಿ, ಬೇಳೆ, ಹಾಲಿನ ಪುಡಿ, ಎಣ್ಣೆಯ ಚೀಲ ಕೊಟ್ಟರು. ಇವರಲ್ಲಿ ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಮಂದಿಯ ತೂಕ ಎತ್ತರಕ್ಕೆ ತಕ್ಕಷ್ಟಿರಲಿಲ್ಲ, ಹತ್ತಿರ ಹತ್ತಿರ ಅರ್ಧದಷ್ಟು ಜನ ತೀವ್ರವಾಗಿ ಸೊರಗಿದ್ದರು. ಸೇರಿದಾಗ ಕೆಲಸ ಮಾಡುವ ಶಕ್ತಿ ಇದ್ದವರು ಶೇ. 3, ಚಿಕಿತ್ಸೆ ಮುಗಿಯುವ ಹೊತ್ತಿಗೆ ಶೇ. 75. ಮೊದಲ ಎರಡು ತಿಂಗಳಲ್ಲಿ ತೂಕ ಏರಿಸಿಕೊಂಡವರಲ್ಲಿ ಸಾವು ಬಹಳ ಕಡಿಮೆ.

ಇದಕ್ಕಿಂತ ದೊಡ್ಡ ಪ್ರಶ್ನೆ ಮನೆಮಂದಿಯದು. ರೋಗಿಯ ಜತೆ ಒಂದೇ ಸೂರಿನಡಿ ಮಲಗುವ 10,345 ಜನರನ್ನು ಎರಡು ಗುಂಪಾಗಿಸಿ, ಒಂದು ಗುಂಪಿಗೆ ತಲೆಗೆ ತಿಂಗಳಿಗೆ 5 ಕೆ.ಜಿ. ಅಕ್ಕಿ, ಒಂದೂವರೆ ಕೆ.ಜಿ. ಬೇಳೆ, ಜೊತೆಗೆ ವಿಟಮಿನ್ ಮಾತ್ರೆ ಕೊಟ್ಟರು. ಆ ಗುಂಪಿನಲ್ಲಿ ಹೊಸ ಕ್ಷಯ ಶೇ. 39ರಷ್ಟು ಕಡಿಮೆಯಾಯಿತು. ಇಷ್ಟು ಮಾಡಲು ಯಾವ ಹೊಸ ಲಸಿಕೆಯೂ ಬೇಕಾಗಲಿಲ್ಲ. ಶ್ವಾಸಕೋಶ ಹೊಕ್ಕ ರೋಗಾಣುಗಳನ್ನು ರಕ್ಷಕ ಕೋಶಗಳು ಸುತ್ತುವರಿದು ಹಿಡಿದಿಡುತ್ತವೆ. ಹೊಟ್ಟೆಗೆ ಸಾಲದ ದೇಹದಲ್ಲಿ ಆ ಹಿಡಿತ ಸಡಿಲವಾಗುತ್ತದೆ.

ಕೋವಿಡ್ ಕ್ಷಯವನ್ನು ಎರಡನೇ ದಾರಿಯಿಂದ ಬೆಳೆಸಿದ್ದೂ ಹೀಗೆಯೇ. ವಿಶ್ವಬ್ಯಾಂಕ್ ಅಂದಾಜಿನಂತೆ 2020ರಲ್ಲಿ ಸುಮಾರು 7 ಕೋಟಿ ಜನ ಕಡು ಬಡತನಕ್ಕೆ ಜಾರಿದರು. ಹಸಿವು ನೀಗುವುದು ಎರಡನೇ ಗುರಿ, ಆರೋಗ್ಯ ಮೂರನೆಯದು. ಬೇರೆ ಬೇರೆ ಇಲಾಖೆಗಳಿಗೆ ಹಂಚಿದ ಈ ಎರಡೂ ಆ ಜಾರ್ಖಂಡ್‌ನ ಮನೆಗಳಲ್ಲಿ ಒಂದೇ ತಟ್ಟೆಯಲ್ಲಿದ್ದವು.

ಭಾರತದಲ್ಲಿ ರೋಗಿಗೆ ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಬರುತ್ತಿತ್ತು, 2024ರ ನವೆಂಬರ್‌ನಿಂದ ಅದು 1,000 ಆಗಿದೆ. ಮನೆಮಂದಿಗೂ ಆಹಾರದ ಕಿಟ್ ಕೊಡಿಸುವ ಯೋಜನೆ ಇದೆ, ಆದರೆ ಅದು ನಿಕ್ಷಯ ಮಿತ್ರರೆಂಬ ದಾನಿಗಳು ಮುಂದೆ ಬಂದರಷ್ಟೇ ನಡೆಯುತ್ತದೆ. ದಾನಿ ಸಿಗದ ತಾಲ್ಲೂಕಿನಲ್ಲಿ ಕ್ಷಯ ಕಾಯುತ್ತಾ ಕೂರುವುದಿಲ್ಲ. ಪಡಿತರ ಅಂಗಡಿ ಊರೂರಲ್ಲಿದೆ, ಯಾವ ಮನೆಯಲ್ಲಿ ಕ್ಷಯ ಇದೆ ಎಂಬುದು ರೋಗಿಗಳನ್ನು ದಾಖಲಿಸುವ ಸರ್ಕಾರದ ನಿಕ್ಷಯ್ ಪೋರ್ಟಲ್‌ನಲ್ಲಿದೆ, ಆ ಮನೆ ಎಲ್ಲಿದೆ ಎಂಬುದು ಆಶಾ ಕಾರ್ಯಕರ್ತೆಗೆ ಗೊತ್ತಿದೆ. ಕ್ಷಯ ಪತ್ತೆಯಾದ ತಿಂಗಳಿನಿಂದಲೇ ಆ ಮನೆಯ ಪ್ರತಿಯೊಬ್ಬರಿಗೂ ಹೆಚ್ಚುವರಿ ಬೇಳೆ, ಎಣ್ಣೆ ಹಕ್ಕಾಗಿ ಸಿಗುವಂತೆ ಮಾಡಲು ಬೇಕಿರುವುದು ಆರೋಗ್ಯ ಮತ್ತು ಆಹಾರ ಇಲಾಖೆಗಳೆರಡೂ ಸಹಿ ಹಾಕಿದ ಒಂದು ಆದೇಶ, ಅದಕ್ಕೆ ತಕ್ಕ ಹಣ.